ಹೂಂಗುಟ್ಟುವವರು

"ಯಾರಾದ್ರೂ ಇದ್ದೀರೇನ್ರೀ, ಇಲ್ಲಾ ನಾನು ಗೋಡೆಗೆ ಓದ್ತಾ ಇದ್ದೀನಾ?"

ಕಥೆಯ ಎರಡನೆಯ ಪುಟಕ್ಕೇ ದೇವರಾಜು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ತಿಂಗಳಿಗೊಬ್ಬ ಲೇಖಕರನ್ನು ಕರೆದು ಆನ್‌ಲೈನಿನಲ್ಲಿ ಕಥೆ ಓದಿಸುವುದು ಲಷ್ಕರ್ ಮೊಹಲ್ಲಾದ ಒಂದು ಕಾಲೇಜಿನವರು ಹಾಕಿಕೊಂಡ ಪದ್ಧತಿ. ದಟ್ಟಗಳ್ಳಿಯ ಮನೆಯಲ್ಲಿ ಕೂತಿದ್ದ ದೇವರಾಜು ಅವರ ಲ್ಯಾಪ್‌ಟಾಪಿನ ತುಂಬ ಕಪ್ಪು ಚೌಕಗಳು. ಒಂದೊಂದರಲ್ಲೂ ಒಂದೊಂದು ಹೆಸರು. ಮುಖ ಅಂತ ಕಾಣುತ್ತಿದ್ದುದು ಕನ್ನಡ ಮೇಡಂ ಭಾನುಮತಿಯವರದೊಂದೇ.

"ಎಲ್ರೂ ಇದ್ದಾರೆ ಸರ್. ಗಲಾಟೆ ಆಗ್ಬಾರ್ದು ಅಂತ ನಾನೇ ಮ್ಯೂಟ್ ಮಾಡ್ಸಿದ್ದೀನಿ."

"ನಮ್ಮೂರಲ್ಲಿ ಕಥೆ ಹೇಳೋನ ಮುಂದೆ ಹೂಂಗುಟ್ಟೋಕೆ ಒಬ್ರು ಇರ್ಲೇಬೇಕಿತ್ತು ಕಣಮ್ಮ. ಹೂಂ ನಿಂತ್ರೆ ಕಥೆನೂ ನಿಂತೋಗೋದು. ಸತ್ತೋರ ಮುಂದೆ ಓದ್ದಂಗೆ ಎಂಗ್ರೀ ಓದ್ಲಿ?"

ಬೇರೆ ಕಥೆಯಾಗಿದ್ದರೆ ಇಷ್ಟು ಹೊತ್ತಿಗೆ ಅವರು ಎದ್ದು ಹೋಗಿರುತ್ತಿದ್ದರು. ಇದು ಹಾಗಲ್ಲ. ಹೇಳದೆ ಕೇಳದೆ ಮದುವೆಯಾಗಿ ಹೋದ ಮಗಳು ಮೂರು ವರ್ಷದ ಮೇಲೆ ಕೂಸನ್ನೆತ್ತಿಕೊಂಡು ಅಪ್ಪನ ಬಾಗಿಲಿಗೆ ಬರುವ ಕಥೆ. ದೇವರಾಜು ಅವರ ಮಗಳು ವರ್ಷಿಣಿ ಹೋದದ್ದೂ ಹಾಗೆಯೇ. ಭಾನುವಾರ ಮಗುವನ್ನು ಕರೆದುಕೊಂಡು ಬರಲಾ ಅಪ್ಪ ಎಂದು ಮೆಸೇಜು ಹಾಕಿದ್ದಳು. ಅದಕ್ಕೆ ಉತ್ತರ ಬರೆಯಲಾಗದೆ ಅವರು ಕಥೆ ಬರೆದಿದ್ದರು. ಕಥೆಯ ಅಪ್ಪ ಮಾಡಿದ್ದು ನಾಲ್ಕು ಜನಕ್ಕೆ ಒಪ್ಪಿಗೆಯಾದರೆ ತಾನೂ ಹಾಗೇ ಮಾಡಬಹುದೆಂಬ ಆಸೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ರಕ್ಷಿತಾ ಎಂಬ ಹೆಸರಿದ್ದ ಚೌಕದಿಂದ ಗರಗರ ಸದ್ದು ಬಂತು. ಹಿಂದೆಯೇ ವಯಸ್ಸಾದ ಹೆಂಗಸಿನ ದನಿ. "ನಾನಿದ್ದೀನಿ, ಓದಪ್ಪಾ. ರಕ್ಷಿತನ ಅಜ್ಜಿ ಸರೋಜಮ್ಮ, ಕುಂಬಾರಕೊಪ್ಪಲಿಂದ."

"ರಕ್ಷಿತಾ ಎಲ್ಲಿ ಅಜ್ಜಿ?" ಭಾನುಮತಿಯವರು ಗಾಬರಿಯಾಗಿ ಕೇಳಿದರು.

"ಹಾಜ್ರಿ ಬೀಳ್ಬೇಕು, ಫೋನ್ ಮುಟ್ಬೇಡ ಕಣಜ್ಜಿ ಅಂತ ಇಟ್ಬುಟ್ಟು ಹೊಂಟೋದ್ಲು. ಕಥೆ ಚೆನ್ನಾಗಿತ್ತು, ಮುಟ್ಬುಟ್ಟೆ."

ಮೇಡಂ ಮುಖ ಸಪ್ಪಗಾಯಿತು. ಉಳಿದ ಚೌಕಗಳ ಹಿಂದೆ ಯಾರಿದ್ದಾರೋ ಎಂಬ ಅನುಮಾನ ಆಗಲೇ ಅವರಿಗೆ ಹತ್ತಿರಬೇಕು. ಅಜ್ಜಿಯ ದನಿ ನಿಲ್ಲಿಸಲು ಹೊರಟವರನ್ನು ದೇವರಾಜು ತಡೆದರು. "ಮುಟ್ಬೇಡಿ ಮೇಡಂ. ನಂಗೆ ಸಿಕ್ಕಿರೋದೇ ಒಬ್ರು."

ಮತ್ತೆ ಕನ್ನಡಕ ಏರಿಸಿ ಓದತೊಡಗಿದರು. ಸಾಲು ಮುಗಿದಾಗೆಲ್ಲ ಆ ಕಡೆಯಿಂದ "ಹೂಂ". ನಡುನಡುವೆ ಬಿಡಿಸಿದ ಅವರೆಕಾಳು ಬೋಗುಣಿಗೆ ಬೀಳುವ ಟಪಟಪ ಸದ್ದು. ಮಗಳು ಓಡಿಹೋದ ದಿನಕ್ಕೆ ಒಂದು ಉದ್ದನೆಯ ಹೂಂ. ಅಪ್ಪ ಅವಳ ಫೋಟೊ ಗೋಡೆಯಿಂದ ಇಳಿಸಿದ್ದಕ್ಕೆ ಹೂಂ ಜೊತೆಗೆ ಒಂದು ನಿಟ್ಟುಸಿರು. ದೇವರಾಜು ಅವರ ದನಿ ಬಿಚ್ಚಿಕೊಂಡಿತು. ಕಡೆಗೆ ಮಗಳು ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಓಡಿಹೋಗಿ ಅವಳನ್ನು ತಬ್ಬಿಕೊಂಡು, "ನಂದು ತಪ್ಪಾಯ್ತು ಮಗಳೇ" ಎಂದು ಗೊಳೋ ಎಂದು ಅತ್ತ.

ಹೂಂ ಬರಲಿಲ್ಲ. ಕಾಳು ಬೀಳುವ ಸದ್ದು ಮಾತ್ರ ಬರುತ್ತಿತ್ತು.

"ಏನಮ್ಮಾ, ಹೂಂ ಅನ್ಲಿಲ್ಲ?"

"ಬಾಯಿಗೆ ಬರ್ಲಿಲ್ಲ ಕಣಪ್ಪಾ. ಮೂರು ವರ್ಸ ಬಿಗಿದಿದ್ದ ಬಾಯಿ ಬಾಗ್ಲಲ್ಲೇ ಅಂಗೆ ಬಿಚ್ಕೊಂಡ್ಬುಡುತ್ತಾ? ನಾಟಕದೋರು ಅತ್ತಂಗದೆ."

ದೇವರಾಜು ಅವರ ಕಿವಿ ಕೆಂಪಾಯಿತು. "ಬರ್ದೋನು ನಾನು ಕಣಮ್ಮ! ಎಂಗಾಗುತ್ತೆ ಅಂತ ನಿಮಗೇನು ಗೊತ್ತು?"

"ನನ್ ಮಗಳೂ ಅಂಗೇ ಹೋಗಿದ್ಲು. ಈ ರಕ್ಷಿತನ್ನ ಎತ್ಕೊಂಡೇ ವಾಪಸ್ ಬಂದಿದ್ದು."

ಕಾಳಿನ ಸದ್ದೂ ನಿಂತಿತು. ದೇವರಾಜು ತಗ್ಗಿದ ದನಿಯಲ್ಲಿ ಕೇಳಿದರು. "ಆವತ್ತು ನೀವೇನು ಮಾಡಿದ್ರಿ?"

ಕೇಳಿದವರೇ ಕೈ ಚಾಚಿ ತಮ್ಮ ಕ್ಯಾಮೆರಾ ಆರಿಸಿಬಿಟ್ಟರು. ಪರದೆಯ ಮೇಲೆ ಇನ್ನೊಂದು ಕಪ್ಪು ಚೌಕ ಸೇರಿತು. ಅದರಲ್ಲಿ ದೇವರಾಜು ಎಂಬ ಹೆಸರಷ್ಟೇ.

"ಅವಳ ಮೊಕ ನೋಡ್ಲಿಲ್ಲ ಕಣಪ್ಪಾ. ಕೂಸ್ನ ಈಸ್ಕೊಂಡೆ. ಬಿಸ್ಲಲ್ಲಿ ಬಂದಿತ್ತು, ತಲೆಯೆಲ್ಲಾ ಬೆವ್ತೋಗಿತ್ತು. ಸೆರಗಲ್ಲಿ ಒರೆಸ್ಕೊಂಡು ಒಳಕ್ಕೆ ಹೋದೆ. ಬಾಗ್ಲು ಮಾತ್ರ ಹಾಕ್ಲಿಲ್ಲ..." ಸರೋಜಮ್ಮ ಮಾತು ನಿಲ್ಲಿಸಿದರು. "ಕೇಳ್ತಿದ್ದೀಯೇನಪ್ಪಾ?"

ಮುಖವಿಲ್ಲದ ಆ ಚೌಕದಿಂದ ದನಿ ಬಂತು.

"ಹೂಂ."