ಜರಡಿಗೆ ಸಿಕ್ಕ ವಾಕ್ಯ

“ಯುದ್ಧಕ್ಕೆ ನಿಂತ ಎರಡು ದೇಶಗಳನ್ನು ಮಾತಿಗೆ ಕೂರಿಸಿದ ಈ ಬ್ರಿಟಿಷ್ ರಾಯಭಾರಿ, ತಾಯಿ ತೀರಿಕೊಂಡ ದಿನದಿಂದ ಸ್ವಂತ ತಮ್ಮನೊಡನೆ ಮಾತಾಡಲೇ ಇಲ್ಲ.” ಜೀವನಚರಿತ್ರೆಯ ಈ ಕಡೆಯ ವಾಕ್ಯದ ಮೇಲೆ ಜರಡಿಯಮ್ಮನ ಪೆನ್ಸಿಲು ನಿಂತಿತು. ಪ್ರಕಾಶನದ ಕಚೇರಿಯಲ್ಲಿ ಆಕೆಗೆ ಆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ; ಅಚ್ಚಿಗೆ ಹೋಗುವ ಸಂಗತಿಗಳನ್ನೆಲ್ಲ ಸೋಸಿ ನೋಡುವುದೇ ಆಕೆಯ ಕೆಲಸ. ವಾಕ್ಯ ಅಂದವಾದಷ್ಟೂ ಆಕೆಗೆ ಅನುಮಾನ ಹೆಚ್ಚು.

“ಅದೊಂದನ್ನ ಬಿಟ್ಟುಬಿಡಿ ಜರಡಿಯಮ್ಮ,” ಎಂದ ಸಂಪಾದಕ. “ಲೇಖಕರಿಗೆ ಆ ವಾಕ್ಯ ಅಂದ್ರೆ ಪ್ರಾಣ. ಪ್ರೆಸ್ಸಿನವರು ಬೇರೆ ತಲೆ ತಿಂತಿದ್ದಾರೆ.”

“ಅಣ್ಣ ತಮ್ಮ ಇಬ್ಬರೂ ಬದುಕಿದ್ದಾರಲ್ಲ ಸಾರ್. ಒಂದು ಮಾತು ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?”

ನಿವೃತ್ತ ರಾಯಭಾರಿ ಫೋನಿನಲ್ಲಿ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡರು. “ನಿಜ. ಶಾಂತಿ ಮಾತುಕತೆ ಬಿಟ್ಟು ನಾನು ಅಮ್ಮನ ಮಣ್ಣಿಗೆ ಹೋಗ್ಲಿಲ್ಲ. ಅವನು ಮಾತು ಬಿಟ್ಟ, ನಾನೂ ಬಿಟ್ಟೆ. ಹಾಗೇ ಇರಲಿ. ಅವನನ್ನೂ ಕೇಳ್ತೀರಾ?”

“ಇಬ್ಬರ ವಿಷಯ ಅಂದ್ಮೇಲೆ ಇಬ್ಬರನ್ನೂ ಕೇಳಬೇಕು. ಅದು ನಮ್ಮ ಪದ್ಧತಿ.”

“ಹಾಗಾದ್ರೆ ಫೋನು ಬಲಗಿವಿಗೆ ಹಿಡ್ಕೊಳ್ಳೋಕೆ ಹೇಳಿ. ಎಡಗಿವಿ ಚಿಕ್ಕಂದಿನಿಂದ ಮಂದ. ಯಾರಿಗೂ ಹೇಳ್ಕೊಳ್ಳಲ್ಲ, ಜಂಭ.”

ಮುಂದಿನ ಕರೆ ತಮ್ಮನಿಗೆ. ಆಕೆ ಹೇಳಿದಂತೆ ಫೋನನ್ನು ಬಲಗಿವಿಗೆ ಹಿಡಿದು ವಾಕ್ಯ ಕೇಳಿಸಿಕೊಂಡು, ಹಡಗಿನ ಇಂಜಿನ್ನುಗಳ ನಡುವೆ ಆಯುಸ್ಸು ಸವೆಸಿದ ಆತ ಗುಡುಗಿದರು: “ನಿಜಾನೇ, ಬರ್ಕೊಳ್ಳಿ. ಅದಿರಲಿ, ಬಲಗಿವಿ ವಿಷಯ ನಿಮಗೆ ಯಾರು ಹೇಳಿದ್ದು?”

“ನಿಮ್ಮ ಅಣ್ಣ.”

ಇಬ್ಬರೂ ಒಪ್ಪಿದ ಸಂಗತಿ. ಪದ್ಧತಿಯಂತೆ ಈಗ ಸರಿ ಗುರುತು ಬೀಳಬೇಕು. ಆಕೆಯ ಕೈ ಯಾಕೋ ಏಳಲಿಲ್ಲ.

“ಅಚ್ಚಾದ್ಮೇಲೆ ತಿದ್ದೋಕಾಗಲ್ಲ, ಅಲ್ವಾ?” ಗುಡುಗು ಇಳಿದಿತ್ತು.

“ಆಗಲ್ಲ. ಹಾಗೇ ಉಳ್ಕೊಂಡುಬಿಡುತ್ತೆ.”

“ಅವನ ನಂಬರು ಹಳೇದೇನಾ?”

ಆಕೆ ಮೊದಲ ಮೂರು ಅಂಕಿ ಹೇಳುವಷ್ಟರಲ್ಲಿ ಉಳಿದವನ್ನು ಅವರೇ ಹೇಳಿ ಮುಗಿಸಿದರು. ಫೋನು ಇಟ್ಟ ಸದ್ದು ಕೇಳಿಸಿತು. ಇಬ್ಬರೂ ಒಪ್ಪಿದರೆಂದು ಆಕೆಯಿಂದ ತಿಳಿದ ಸಂಪಾದಕ ಕಾಫಿಗೆ ಎದ್ದು ಹೋದ.

ಕಾಫಿ ಮುಗಿಸಿ ಬಂದವನು ಸರಿ ಗುರುತು ಬೀಳದ ಪುಟ ನೋಡಿ ಕೇಳಿದ: “ಇಬ್ಬರೂ ನಿಜ ಅಂದ್ರಲ್ಲ, ಇನ್ನೇನು ತಕರಾರು?”

ಆಕೆ ಅಣ್ಣನ ನಂಬರು ಒತ್ತಿ ರಿಸೀವರನ್ನು ಅವನ ಕೈಗಿತ್ತಳು. ಎಂಗೇಜ್. ತಮ್ಮನ ನಂಬರು ಒತ್ತಿದಳು. ಅದೂ ಎಂಗೇಜ್.

“ಎಷ್ಟು ಹೊತ್ತಿಂದ?”

“ನೀವು ಕಾಫಿಗೆ ಎದ್ದು ಹೋದಾಗಿನಿಂದ.”

ಸಂಪಾದಕ ಕುರ್ಚಿ ಎಳೆದುಕೊಂಡು ಆಕೆಯ ಮೇಜಿನ ಪಕ್ಕದಲ್ಲೇ ಕೂತ. “ಪ್ರೆಸ್ಸಿನವರಿಗೆ ಏನಂತ ಹೇಳ್ಲಿ?”

“ಕೊನೇ ಪುಟ ಇನ್ನೂ ನಡೀತಾ ಇದೆ ಅಂತ ಹೇಳಿ.”