ಪಾದ್ರಿಯ ದರ್ಜೆ

ಒಂದು ಕಾಲದಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಮೆರೆದವರು, ಈಗ ಯುದ್ಧನೌಕೆಯೊಂದರ ಪಾದ್ರಿ. ಆ ನೌಕಾಪಡೆಯಲ್ಲಿ ಪಾದ್ರಿಗೆ ತನ್ನದೇ ಆದ ದರ್ಜೆ ಇಲ್ಲ. ಯಾರ ಜೊತೆ ಮಾತಾಡುತ್ತಾರೋ, ಅಷ್ಟು ಹೊತ್ತು ಅವರ ದರ್ಜೆಯೇ ಇವರದ್ದು. ಅಡುಗೆಯವನ ಜೊತೆ ಅಡುಗೆಯವರು, ಕ್ಯಾಪ್ಟನ್ ಜೊತೆ ಕ್ಯಾಪ್ಟನ್.

ಅಂದು ಬಾಯ್ಲರ್ ಕೋಣೆಯ ಸೆಕೆಗೆ ದೂಮಣ್ಣನೆಂಬ ನಾವಿಕ ತಲೆಸುತ್ತಿ ಬಿದ್ದ. ಎಲ್ಲಾ ಕಳ್ಳಾಟವೆಂದು ಕ್ಯಾಪ್ಟನ್ ಅವನನ್ನು ಕೂಡಿಹಾಕಿಸಿದರು.

"ಅವನಿಗೆ ಮೈ ಸುಡ್ತಾ ಉಂಟು. ಡಾಕ್ಟರ ಹತ್ರ ಕಳಿಸಿ ಮಾರಾಯ್ರೆ," ಎಂದರು ಪಾದ್ರಿ.

"ನಿಮ್ಮ ದರ್ಜೆ ನನ್ನಷ್ಟೇ, ಫಾದರ್. ನನಗೆ ಆರ್ಡರ್ ಮಾಡ್ಲಿಕ್ಕೆ ಅಡ್ಮಿರಲ್ಲೇ ಬರ್ಬೇಕು."

ಮಧ್ಯಾಹ್ನ ತಪಾಸಣೆಗೆ ಅಡ್ಮಿರಲ್ ಬಂದೇ ಬಂದರು. ಸಾಲಿನಲ್ಲಿ ಪಾದ್ರಿಯನ್ನು ಕಂಡದ್ದೇ ಅವರ ಮುಖ ಅರಳಿತು.

"ಅರೆ, ನೀವಾ! ನನ್ನನ್ನೇ ನೋಡ್ತಾ ನೋಡ್ತಾ ಚೆಂಡನ್ನು ಪಕ್ಕದವನಿಗೆ ದಾಟಿಸಿ ನಮ್ಮ ಟೀಮನ್ನು ಸೋಲಿಸಿದವರಲ್ವಾ? ಆ ಆಟ ನೆನಪುಂಟಾ?"

"ಮರೀಲಿಕ್ಕೆ ಆಗ್ತದಾ?" ಎಂದ ಪಾದ್ರಿ, ಅಡ್ಮಿರಲ್ ಮುಖದಿಂದ ಕಣ್ಣು ತೆಗೆಯದೆ, ಪಕ್ಕದಲ್ಲಿ ನಿಂತವರಿಗೆ ಹೇಳಿದರು: "ಕ್ಯಾಪ್ಟನ್, ದೂಮಣ್ಣನನ್ನು ಈಗಲೇ ಡಾಕ್ಟರ ಹತ್ರ ಕಳಿಸಿ. ಇದು ಆರ್ಡರ್."