ಚೀಲ ಕಟ್ಟಿದ ಹೂವು

ಟಕ್, ಟಕ್. ಗೋಡೆಯ ಆಚೆಯಿಂದ ಎರಡು ಬಡಿತ ಕೇಳಿದಾಗ ಬ್ಲೇಡಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ಸ್ಲೈಡು ಕೆಟ್ಟಿದೆ, ಇನ್ನೊಂದು ಕತ್ತರಿಸಿ ಎಂದು ಅದರ ಅರ್ಥ. ಬೇಕೆಂದೇ ಕೆಡಿಸಿದವಳಿಗೆ ಆಶ್ಚರ್ಯ ಎಲ್ಲಿಂದ ಬರಬೇಕು? ನಿನ್ನೆ ಒಂದನ್ನು ಕೆಡಿಸಿದ್ದಳು, ಇವತ್ತು ಬೆಳಿಗ್ಗೆ ಇನ್ನೊಂದನ್ನು.

ಆ ಪ್ರಯೋಗಾಲಯದಲ್ಲಿ ಅವಳ ಕೋಣೆಗೂ ಸೂಕ್ಷ್ಮದರ್ಶಕದ ಕತ್ತಲೆ ಕೋಣೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಪುಟ್ಟ ಕಿಂಡಿ. ಮೇಣದ ಅಚ್ಚಿನಲ್ಲಿ ಕೂರಿಸಿದ ಹೂವನ್ನು ಬ್ಲೇಡಿನ ಯಂತ್ರದಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು, ಬಣ್ಣ ಹಚ್ಚಿ ಕಿಂಡಿಯಲ್ಲಿ ತೂರಿಸುವುದು ಅವಳ ಕೆಲಸ. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆಂದು ಹಗಲೆಲ್ಲ ಕತ್ತಲಲ್ಲೇ ಕೂತು ಅದನ್ನು ನೋಡುವುದು ಆಚೆ ಕೋಣೆಯ ಸಂಶೋಧಕನ ಕೆಲಸ. ಅದಕ್ಕೇ ವಿದ್ಯಾರ್ಥಿಗಳ ಬಾಯಲ್ಲಿ ಅವನು ಗೂಬೆ ಮೇಷ್ಟ್ರು, ಇವಳು ಬ್ಲೇಡಕ್ಕ. ಒಂದು ಬಡಿತ ಬಂದರೆ ಚೆನ್ನಾಗಿದೆ, ಎರಡು ಬಂದರೆ ಮತ್ತೆ ಕತ್ತರಿಸಿ. ವರ್ಷಗಟ್ಟಲೆ ಇದೇ ಮಾತುಕತೆ. "ಅಕ್ಕಾ, ನೀನು ಮದುವೆ ಆಗ್ಲಿಲ್ಲ ಅಂತ ಯಾರು ಹೇಳಿದ್ದು? ಗೋಡೆ ಜೊತೆ ಚೆನ್ನಾಗಿ ಸಂಸಾರ ನಡೀತಿದೆಯಲ್ಲ" ಎಂದು ತಂಗಿ ಕಾಲೆಳೆಯುತ್ತಿದ್ದಳು. ಬ್ಲೇಡಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಸುಳ್ಳಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು.

ಇಬ್ಬರೂ ಬೆನ್ನು ಹತ್ತಿದ್ದು ಹೂವಿನ ಹೆಣ್ಣು ಭಾಗವನ್ನು. ಮೇಲೆ ಪರಾಗ ಹಿಡಿಯುವ ತುದಿ, ಬುಡದಲ್ಲಿ ಅಂಡಾಶಯ, ನಡುವೆ ದಾರದಂಥ ಶಲಾಕೆ. ಮೊಗ್ಗಿನಲ್ಲಿ ಅದರ ಜೀವಕೋಶಗಳ ಗೋಡೆಗಳೆಲ್ಲ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು, ಇಲ್ಲಿ ಯಾರಿಗೂ ಜಾಗವಿಲ್ಲ ಅನ್ನುವಂತಿರುತ್ತವೆ. ಅರಳಿದ ಮೇಲೆ ನಟ್ಟನಡುವಿನ ಗೋಡೆಗಳು ಮಾತ್ರ ಉಬ್ಬಿ, ಮೆತ್ತಗಾಗಿ, ಒಂದನ್ನೊಂದು ಬಿಟ್ಟುಕೊಂಡು ಪರಾಗದ ನಳಿಕೆ ಇಳಿಯಲು ದಾರಿಯಾಗುತ್ತದೆ. ಪರಾಗ ಬಂದು ಮುಟ್ಟಿದ ಮೇಲೇ ಸಡಿಲವಾಗುವುದು ಎಂದು ಅವನು; ಬರುವ ಮೊದಲೇ ಎಂದು ಅವಳು. ಊಟದ ಹೊತ್ತಿನಲ್ಲಿ ಇದೇ ಹಗ್ಗಜಗ್ಗಾಟ. ತೀರ್ಮಾನವಾಗಲೆಂದು ಮೂರು ಮೊಗ್ಗುಗಳ ಗಂಡು ಕೇಸರ ಕಿತ್ತು, ಕಾಗದದ ಚೀಲ ಕಟ್ಟಿ, ಪರಾಗದ ಸೋಂಕೂ ಇಲ್ಲದಂತೆ ಅರಳಿಸಿ ಮೇಣಕ್ಕೆ ಹಾಕಿದ್ದರು. ಗಿಡಗಳಲ್ಲಿ ಈಗ ಹೂವಿಲ್ಲ. ಈ ಮೂರು ಮುಗಿದರೆ ಅವನ ಕೆಲಸವೂ ಮುಗಿಯಿತು, ಬೇರೆ ಊರಿನ ಪ್ರಯೋಗಾಲಯಕ್ಕೆ ಹೊರಟ. ಅವನ ಪೆಟ್ಟಿಗೆ ಆಗಲೇ ಕತ್ತಲೆ ಕೋಣೆಯಲ್ಲಿ ಬಂದು ಕೂತಿತ್ತು.

ಅದಕ್ಕೇ ಎಂದೂ ತಪ್ಪದ ಕೈ ಎರಡು ಸಲ ತಪ್ಪಿತು. ಅಚ್ಚನ್ನು ಕೂದಲೆಳೆಯಷ್ಟು ಓರೆ ಕೂರಿಸಿದರೆ ಸಾಕು, ಬ್ಲೇಡು ಹೂವಿನ ನಡುಭಾಗವನ್ನು ತಪ್ಪಿಸಿಕೊಂಡು ಹೋಗುತ್ತದೆ. ಹೋಗಬೇಡಿ ಅನ್ನಲು ಬಾಯಿ ಬಾರದವಳು ಇನ್ನೇನು ಮಾಡಿಯಾಳು?

ಕಿಂಡಿಯ ಮುಚ್ಚಳ ಸರಿಯಿತು. "ಏನ್ರೀ, ಮೈಗೆ ಹುಷಾರಿಲ್ವಾ?"

"ಚೆನ್ನಾಗೇ ಇದೀನಿ. ಬ್ಲೇಡು ಮೊಂಡಾಗಿದೆ."

"ನಿಮ್ಮ ಬ್ಲೇಡಾ!" ಅವನು ಕೆಟ್ಟ ಸ್ಲೈಡನ್ನು ಕಿಂಡಿಯಲ್ಲಿ ಹಿಂದಿಟ್ಟ. "ಉಳಿದಿರೋದು ಒಂದೇ. ನಿಧಾನಕ್ಕೆ ಮಾಡಿ, ನನಗೇನೂ ಅವಸರ ಇಲ್ಲ."

ಮೂರನೆಯದನ್ನೂ ಓರೆಯಾಗಿಯೇ ಕೂರಿಸಿದಳು. ಆದರೆ ಯಂತ್ರದ ಹಿಡಿ ತಿರುಗಿಸಲು ಮನಸ್ಸು ಬರಲಿಲ್ಲ. ಪಾಪ, ಚೀಲದೊಳಗೆ ಒಂಟಿಯಾಗಿ ಅರಳಿದ ಹೂವು. ಯಾರೂ ಇಲ್ಲದಾಗ ಒಳಗೊಳಗೇ ಅದೇನು ಮಾಡಿಕೊಂಡಿತ್ತು ಎಂಬುದನ್ನು ಯಾರಾದರೂ ನೋಡಲೇಬೇಕು ಅನ್ನಿಸಿತು. ಅಚ್ಚನ್ನು ನೆಟ್ಟಗೆ ಮಾಡಿ ಕತ್ತರಿಸಿದಳು. ಮಧ್ಯಾಹ್ನ ಕಳೆದು ಬಣ್ಣ ಹಿಡಿದ ಮೇಲೆ ಸ್ಲೈಡನ್ನು ಕಿಂಡಿಯಲ್ಲಿಟ್ಟು, ಕಿವಿ ನಿಮಿರಿಸಿ ಕೂತಳು.

ಬಡಿತ ಬರಲಿಲ್ಲ. ಬಾಗಿಲು ತೆರೆಯಿತು. "ಒಳಗೆ ಬನ್ನಿ. ಇದನ್ನ ನೀವೇ ನೋಡಬೇಕು." ಇಷ್ಟು ವರ್ಷದಲ್ಲಿ ಅವನು ಒಳಗೆ ಕರೆದದ್ದು ಇದೇ ಮೊದಲು.

ಕತ್ತಲಲ್ಲಿ ತಡವರಿಸಿ ಅವನ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಕಣ್ಣಿಟ್ಟು ನೋಡಿದರೆ, ಬಿಗಿಯಾದ ಗೋಡೆಗಳು ಎರಡೂ ಬದಿಗೆ ಹಸಿರಾಗಿ ಹೊಳೆಯುತ್ತಿವೆ. ನಡುವೆ ಮಾತ್ರ ಬಣ್ಣ ಹಿಡಿದಿಲ್ಲ. ತುದಿಯಿಂದ ಬುಡದವರೆಗೆ ಗೋಡೆಗಳೆಲ್ಲ ಸಡಿಲಗೊಂಡು, ಸರಿದು, ಕಪ್ಪನೆಯ ನೇರ ದಾರಿ.

"ಪರಾಗ?" ಎಂದಳು.

"ಒಂದು ಕಣವೂ ಇಲ್ಲ. ಯಾರೂ ಬಂದಿಲ್ಲ. ಆದ್ರೂ ಪೂರ್ತಿ ದಾರಿ ಬಿಟ್ಕೊಂಡು ಕೂತಿದೆ. ನೀವೇ ಗೆದ್ರಿ." ಮತ್ತೆ ಕೇಳಿದ, "ಎಷ್ಟು ದಿನ ಹೀಗೇ ಇರುತ್ತೆ?"

"ಬಾಡೋ ತನಕ."

ಹೇಳುವುದಿದ್ದರೆ ಈಗಲೇ, ಮುಖ ಕಾಣದ ಈ ಕತ್ತಲಲ್ಲೇ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಅವನೇ ಬಾಯಿಬಿಟ್ಟ. "ತುಂಬ ಚೆನ್ನಾಗಿ ಕತ್ತರಿಸಿಬಿಟ್ರಿ." ಹೊಗಳಿಕೆಯಾದರೂ ದೂರು ಹೇಳುವವನ ದನಿ. ಅವಳು ಹ್ಞೂಂ ಎಂದು ಎದ್ದು ಬಂದಳು.

ತನ್ನ ಕೋಣೆಯಲ್ಲಿ ಬ್ಲೇಡನ್ನು ಒರೆಸಿ ಡಬ್ಬಿಯಲ್ಲಿಟ್ಟಳು. ಆಚೆ ಕಡೆ ಪೆಟ್ಟಿಗೆಯ ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಟಕ್.

ಒಂದೇ ಬಡಿತ. ಚೆನ್ನಾಗಿದೆ, ಮುಗಿಯಿತು. ಅವಳು ಕಣ್ಣು ಮುಚ್ಚಿದಳು.

ಟಕ್.

ಸ್ಲೈಡಿನಲ್ಲಿ ಒಂದು ಗೀರೂ ಇಲ್ಲದ್ದನ್ನು ಅವಳು ಕಣ್ಣಾರೆ ನೋಡಿ ಬಂದಿದ್ದಳು. ಗಿಡದಲ್ಲಿ ಹೂವಿರಲಿಲ್ಲ, ತಟ್ಟೆಯಲ್ಲಿ ಅಚ್ಚಿರಲಿಲ್ಲ. ಬ್ಲೇಡಕ್ಕ ಡಬ್ಬಿಯಿಂದ ಬ್ಲೇಡು ತೆಗೆದು ಮತ್ತೆ ಯಂತ್ರಕ್ಕೆ ಹಾಕಿದಳು.